ವಾಲ್ವ್ ಮುಚ್ಚಿದವನ ಅಮಾನತು

ನೀರು ಸರಬರಾಜು ಉಪವಿಭಾಗದ ಮುಖ್ಯ ಅಧಿಕಾರಿಗಳೇ,

ಹೊಸಹಳ್ಳಿಯ ನಾಲ್ಕು ಬೀದಿಗೆ ನೀರು ಬಿಡುವ ಮಹದೇವ್‌ನನ್ನು ತಾವು ಅಮಾನತು ಮಾಡಿದ್ದೀರಿ. ಅವನ ತಪ್ಪು, ನನ್ನ ಮಾತು ನಂಬಿದ್ದು. ಆ ಮಾತು ಆಡಿಸಿದವರು ತಾವು.

ಜೂನ್‌ನಲ್ಲಿ ನನ್ನನ್ನು ಕರೆಸಿ, ಶಾಲು ಹೊದಿಸಿ, ಸೈನ್ಯದಲ್ಲಿ ತೀರ್ಮಾನ ಹೇಗಾಗುತ್ತದೆಂದು ಸಿಬ್ಬಂದಿಗೆ ಹೇಳಿ ಎಂದಿರಿ. ಇಪ್ಪತ್ತಾರು ವರ್ಷ ಸೇವೆ ಮಾಡಿದ ಸುಬೇದಾರ್ ನಾನು. ಉಬ್ಬಿಹೋಗಿ ಹೇಳಿದೆ: ಮೇಲಿನವರು ಗುರಿ ಹೇಳಲಿ, ದಾರಿಯನ್ನು ಸ್ಥಳದಲ್ಲಿ ನಿಂತವನೇ ಆರಿಸಲಿ. ತಾವು ಚಪ್ಪಾಳೆ ತಟ್ಟಿದಿರಿ. ಮರುದಿನವೇ ಹಾಗೆಂದು ಸುತ್ತೋಲೆಯೂ ಹೊರಟಿತು. ಎಂಥ ಧೈರ್ಯ!

ಕಳೆದ ಗುರುವಾರ ಬೆಳಿಗ್ಗೆ ನಮ್ಮ ಎದುರು ಮನೆಯ ಅಕ್ಕಯ್ಯಮ್ಮನವರ ನಲ್ಲಿಯಲ್ಲಿ ಚರಂಡಿ ನೀರು ಬಂತು. ಮಹದೇವ್ ಬಂದು ಮೂಸಿ ನೋಡಿದ. ತಮ್ಮ ಇಂಜಿನಿಯರಿಗೆ ನಾಲ್ಕು ಸಲ ಫೋನ್ ಮಾಡಿದ, ಎತ್ತಲಿಲ್ಲ. "ಏನ್ಮಾಡ್ಲಿ ಸಾರ್? ಬೀದಿ ವಾಲ್ವ್ ಜಾಮ್ ಆಗಿದೆ, ಮೇನ್ ಮುಚ್ಚಿದ್ರೆ ನಾಲ್ಕೂ ಬೀದಿಗೆ ನೀರಿಲ್ಲ," ಎಂದು ನನ್ನನ್ನೇ ಕೇಳಿದ. "ಸ್ಥಳದಲ್ಲಿರೋನು ನೀನು ಕಣಪ್ಪ," ಎಂದೆ. ಮುಚ್ಚಿದ. ಮನೆಮನೆಗೂ ಹೋಗಿ, ಹಿಡಿದಿಟ್ಟ ನೀರು ಚೆಲ್ಲಿಸಿದ. ಯಾರೂ ಕಾಯಿಲೆ ಬೀಳಲಿಲ್ಲ. ಆದರೆ ಅದೇ ಸಾಲಿನ ಕಲ್ಯಾಣ ಮಂಟಪದಲ್ಲಿ ಮದುವೆಯಿತ್ತು; ಕೈತೊಳೆಯಲು ನೀರಿಲ್ಲವೆಂದು ಬೀಗರು ಸಿಟ್ಟಾದರು, ಯಾರೋ ತಮಗೆ ದೂರಿದರು. ಸಂಜೆಯೊಳಗೆ ಆದೇಶ ಬಂತು, 'ಪೂರ್ವಾನುಮತಿಯಿಲ್ಲದೆ' ಎಂದು. ಫೋನೇ ಎತ್ತದವರ ಅನುಮತಿಯನ್ನು ಎಲ್ಲಿಂದ ತರಬೇಕಿತ್ತು, ಸ್ವಾಮಿ?

ಸೈನ್ಯದ ಅರ್ಧ ಪಾಠ ಮಾತ್ರ ತಮಗೆ ರುಚಿಸಿತು. ಒಮ್ಮೆ ಗಡಿಯಲ್ಲಿ, ಹಿಮ ಕುಸಿಯುವ ಸೂಚನೆ ಕಂಡು ಗಸ್ತಿನ ದಾರಿ ಬದಲಿಸಿ, ಆರು ಗಂಟೆ ತಡವಾಗಿ ಠಾಣೆ ಮುಟ್ಟಿದೆ. ಮೇಲಿನಿಂದ ಬೈಗುಳ ಬಂದಾಗ ನಮ್ಮ ಕ್ಯಾಪ್ಟನ್ ನನ್ನ ಹೆಸರೇ ಎತ್ತಲಿಲ್ಲ, ತೀರ್ಮಾನ ತಮ್ಮದೇ ಎಂದರು. ಕೆಳಗಿನವನು ತೀರ್ಮಾನಿಸಿದರೆ ಬೈಸಿಕೊಳ್ಳಬೇಕಾದವರು ಮೇಲಿನವರು. ಅದನ್ನೂ ಅಂದು ಹೇಳಿದ್ದೆ. ತಾವು ಆಗ ಫೋಟೋಗೆ ನಿಂತಿದ್ದಿರೇನೋ.

ನಿನ್ನೆ ಮಹದೇವ್‌ನ ಹೆಂಡತಿ ಕೋಕಿಲಾ ನಮ್ಮ ಗೇಟಿನ ಮುಂದೆ ನಿಂತು, "ನಿಮ್ಮ ಮಾತು ಕೇಳಿ ಇವ್ರು ಹಾಳಾದ್ರು ಸಾರ್," ಎಂದಳು. ನಾಚಿಕೆಯಾಯಿತು.

ಅಮಾನತು ರದ್ದು ಮಾಡಿ. ಮಹದೇವ್ ವಾಲ್ವ್ ಮುಚ್ಚಿದ್ದು ತಮ್ಮ ಸುತ್ತೋಲೆಯಂತೆಯೇ ಎಂದು ತಮ್ಮ ಸಹಿಯಲ್ಲಿ ಒಂದು ಸಾಲು ಬರೆದುಕೊಡಿ. ಅಷ್ಟು ಎದೆಗಾರಿಕೆ ಇಲ್ಲವೆಂದರೆ ಸುತ್ತೋಲೆಯನ್ನಾದರೂ ಹಿಂಪಡೆಯಿರಿ. ಏಕೆಂದರೆ ಅದನ್ನು ಇನ್ನು ಯಾರೂ ನಂಬುವುದಿಲ್ಲ. ಇಂದು ಬೆಳಿಗ್ಗೆ ನಲ್ಲಿ ಮತ್ತೆ ನಾರಿತು. ಅವನ ಬದಲಿಗೆ ಬಂದ ಸಂಪತ್, ವಾಲ್ವ್ ತಿರುಗಿಸುವ ಕೀ ಕೈಯಲ್ಲಿ ಹಿಡಿದು ನಿಂತೇ ಇದ್ದ. "ಆರ್ಡರ್ ಬರ್ಲಿ ಸಾರ್," ಎಂದ. ಚರಂಡಿ ನೀರು ನಾಲ್ಕೂ ಬೀದಿಯ ಮನೆಗಳಿಗೆ ಹೋಗುತ್ತಲೇ ಇತ್ತು.

ಇಂತಿ,
ಪಾಠ ಹೇಳಿ ಪಶ್ಚಾತ್ತಾಪ ಪಡುತ್ತಿರುವ
ಯೋಗಾನಂದ, ನಿವೃತ್ತ ಸುಬೇದಾರ್
ಹೊಸಹಳ್ಳಿ