ಸೂಜಿ ಮುಟ್ಟದವನು

೨೦ ಸೆಪ್ಟೆಂಬರ್ ೧೯೫೯, ರವಿವಾರ

ಬೆಳಗ್ಗೆ ೬ — ನೋವು ಇಲ್ಲ.
೮ — ಅರ್ಧ ರೊಟ್ಟಿ, ಹಾಲು. ವಾಂತಿ ಇಲ್ಲ.
೧೧ — ನೋವು. ರೋಣದಿಂದ ಕಂಪೌಂಡರ್ ಪರಶಪ್ಪ ಸೈಕಲ್ ಮೇಲೆ ಬಂದ. ಸೂಜಿ ಮಾಡಿದ. ಹೊಳೆವ್ವ ಅವನ ಕೈ ಕಚ್ಚಿದಳು.

ಹೀಗೆ ಬರೆಯಬೇಕಂತೆ. ನೋವು ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೋಯಿತು. ಹುಬ್ಬಳ್ಳಿಯ ದೊಡ್ಡ ಡಾಕ್ಟರ್ ಹೇಳಿದ್ದು. ಮನೆಯಲ್ಲಿ ಅಕ್ಷರ ಬರುವುದು ನನಗೊಬ್ಬನಿಗೆ. ಐದನೇ ಇಯತ್ತೆಗೆ ಶಾಲೆ ಬಿಟ್ಟ ಈ ಅಯ್ಯಪ್ಪನಿಗೆ. ಬೇರೆಯದನ್ನೂ ಬರೆಯುತ್ತೇನೆ. ಡಾಕ್ಟರಿಗೆ ಬೇಕಾದದ್ದನ್ನು ನಕಲು ಮಾಡಿ ಕೊಟ್ಟರಾಯಿತು.

ತಂಗಿ ಹೊಳೆವ್ವನಿಗೆ ಎಂಟು ವರ್ಷ. ಮೊಣಕಾಲಿನ ಎಲುಬಿನಲ್ಲಿ ಕ್ಯಾನ್ಸರ್. ಕಾಲು ಕತ್ತರಿಸಿದರೂ ಉಪಯೋಗವಿಲ್ಲ, ಎದೆಗೆ ಏರಿದೆ, ಊರಿಗೆ ಕರೆದುಕೊಂಡು ಹೋಗಿ ಅಂದರು. ನಮ್ಮೂರು ಸವಡಿಗೆ ತಂದೆವು. ಅಷ್ಟೇ.

ಮಧ್ಯಾಹ್ನ ಈಶಪ್ಪ ಬಂದ. ಅದೂ ದೊಡ್ಡ ಡಾಕ್ಟರ್ ಮಾಡಿದ್ದು — ಇಂಥ ಕೂಸು ಒಂದಕ್ಕೆ ಡಾಕ್ಟರ್ ಕಾಲೇಜಿನ ಹುಡುಗ ಒಬ್ಬ. ಜೊತೆಗಾರ. ಬಿಳಿ ಕೋಟು ಹಾಕಬಾರದು. ಸೂಜಿ ಮುಟ್ಟಬಾರದು. ಕೂತು ಆಡಬೇಕು, ಮಾತಾಡಬೇಕು. ಊರು ಹತ್ತಿರ ಎಂದು ನಮಗೆ ರೋಣದವನನ್ನು ಕೊಟ್ಟರು. ಇವನಪ್ಪನ ಅಡತಿ ಅಂಗಡಿಯಲ್ಲಿ ನಾನು ಹತ್ತಿ ಅಂಡಿಗೆ ಹೊರುವ ಹಮಾಲ. ಒಂದೇ ಇಯತ್ತೆಯಲ್ಲಿ ಕೂತಿದ್ದೆವು. ಲೆಕ್ಕ ನಾನೇ ಹೇಳಿಕೊಡುತ್ತಿದ್ದೆ ಅವನಿಗೆ.

ಮೂರು ತಾಸು ಕೂತ. ಗಜಗದ ಕಾಯಿ ಹಾರಿಸಿ ಹಿಡಿಯುವ ಆಟ ಏಳು ಸಲ ಸೋತ. ಶೇಂಗಾ ತಿಂದ. ಹೋದ. ಇದಕ್ಕೆ ಕಾಲೇಜು ಬೇಕೇ?

೨೭ ಸೆಪ್ಟೆಂಬರ್, ರವಿವಾರ

ವಾರವೆಲ್ಲ ಗೋಡೆ ಕಡೆ ಮುಖ. ಈಶಪ್ಪನ ಸೈಕಲ್ ಗಂಟೆ ಕೇಳಿದ್ದೇ ಎದ್ದು ಕೂತಳು. ಬಾಗಿಲಲ್ಲೇ ನಿಲ್ಲಿಸಿದಳು.

“ಜೇಬು ತೋರ್ಸು ಈಶಣ್ಣ.”

ನಾಲ್ಕೂ ಜೇಬು ಹೊರಗೆ ತೆಗೆದು ತೋರಿಸಿದ. ಪೆನ್ನು, ಬಸ್ಸಿನ ಚೀಟಿ, ಕರವಸ್ತ್ರ. ಅಂಗೈ ನೋಡಿದಳು. ಆಮೇಲೆ ಕೂಡ್ರಲು ಬಿಟ್ಟಳು.

“ನೀ ಎಂದೂ ಸೂಜಿ ಮಾಡಂಗಿಲ್ಲಲಾ?”

“ಎಂದೂ ಇಲ್ಲ.”

ಹೋಗುವಾಗ ಊರ ಅಗಸಿ ಬಾಗಿಲತನಕ ನಡೆದೆ ಅವನ ಸಂಗಡ. ಹೇಳಿದೆ — ಅವಳು ಒದ್ದಾಡುವಾಗ ನೀವು ಹುಬ್ಬಳ್ಳಿಯಲ್ಲಿ ಇರುತ್ತೀರಿ, ನಗುವಾಗ ಇಲ್ಲಿ ಇರುತ್ತೀರಿ, ಚಲೋ ನೌಕರಿ. ಸೈಕಲ್ ಹತ್ತಿ ಹೋದ. ಎದುರು ಏನಾದರೂ ಅಂದಿದ್ದರೆ ಹೊಡೆಯುತ್ತಿದ್ದೆ.

೧೦ ಅಕ್ಟೋಬರ್, ಶನಿವಾರ

ಹನ್ನೆರಡು ದಿನ ಬರೆದಿಲ್ಲ. ಮಳೆ. ನೋವು ಈಗ ದಿನಕ್ಕೆ ಎರಡು ಸಲ, ಮೂರು ಸಲ. ಎರಿಯ ಕಪ್ಪು ಮಣ್ಣಿನಲ್ಲಿ ಸೈಕಲ್ ಹೂತು ಪರಶಪ್ಪ ಎರಡು ದಿನ ಬರಲೇ ಇಲ್ಲ.

ಇನ್ನು ಬರುವುದೂ ಇಲ್ಲ. ನರಗುಂದಕ್ಕೆ ವರ್ಗ. ಬದಲಿ ಮನುಷ್ಯ ಯಾವಾಗಲೋ. ರೋಣದ ಡಾಕ್ಟರ್ ಗಾಜಿನ ಸಿರಿಂಜು, ಎರಡು ಸೂಜಿ, ನೋವಿನ ಔಷಧದ ಡಬ್ಬಿ ಕೊಟ್ಟು ಕಳಿಸಿದರು. ಡಾಕ್ಟರ್ ಕಾಲೇಜಿನ ಹುಡುಗ ಬರುತ್ತಾನಲ್ಲ, ಅವನೇ ಮಾಡಲಿ ಅಂದರಂತೆ.

ಈಶಪ್ಪನಿಗೆ ನಾಳೆಯಿಂದ ಒಂದು ತಿಂಗಳು ಸೂಟಿ. ದಿನಾ ಬರುತ್ತಾನಂತೆ. ಅವ್ವ ಕೈ ಮುಗಿದಳು. ದೇವರಿಗೋ ಅವನಿಗೋ ಗೊತ್ತಾಗಲಿಲ್ಲ.

೧೨ ಅಕ್ಟೋಬರ್, ಸೋಮವಾರ

ನಿನ್ನೆ ಈಶಪ್ಪ ಬಂದಾಗ ನೋವು ಇರಲಿಲ್ಲ. ಅವನು ಹೋದ ಮೇಲೆ ಬಂತು. ಹಾಸಿಗೆ ಕಚ್ಚಿ ಹರಿದಳು. ಅಪ್ಪ ಎದ್ದು ಹೊಲಕ್ಕೆ ಹೋದ. ಹೊಲದಲ್ಲಿ ಏನೂ ಕೆಲಸ ಇರಲಿಲ್ಲ.

ಇವತ್ತು ಹತ್ತು ಗಂಟೆಗೆ ಬಂದ. ಅವ್ವ ದನದ ಕೊಟ್ಟಿಗೆಯಲ್ಲಿ ಅವನ ಕಾಲು ಹಿಡಿದಳು. ನೀವೇ ಮಾಡ್ರೆಪಾ ಅಂದಳು. ಕಾಲು ಬಿಡಿಸಿಕೊಂಡ. ಕೈ ತೊಳೆದ, ಸಿರಿಂಜು ಕುದಿಸಿದ, ಔಷಧ ಎಳೆದ. ಎಲ್ಲ ಬರುತ್ತದೆ ಅವನಿಗೆ. ಜೊತೆಗಾರರ ಪಟ್ಟಿಯಿಂದ ನನ್ನ ಹೆಸರು ಹೊಡೆದರೆ ಹೊಡೆಯಲಿ ಅಂದ.

ಒಳಗಿನಿಂದ ಕೂಗಿದಳು. ಅಷ್ಟು ನೋವಿನಲ್ಲಿ. “ಈಶಣ್ಣ ಬಂದೀಯೇನ?”

ಸಿರಿಂಜು ಕಸಿದುಕೊಂಡೆ.

“ನೀ ಮಾಡಬ್ಯಾಡ.”

“ಮತ್ಯಾರು ಮಾಡ್ತಾರ, ಅಯ್ಯಪ್ಪಾ?”

“ನಾ ಮಾಡ್ತೀನಿ. ನೀ ಒಬ್ಬಾಂವರ ಅಕಿಗೆ ಉಳಿ.”

ಬುಟ್ಟಿಯಿಂದ ಬದನೆಕಾಯಿ ತಂದ. ಇನ್ನೊಂದು ಸೂಜಿಯಿಂದ ಮೂರು ಸಲ ಚುಚ್ಚಿಸಿದ. ಹೀಗೆ ಓರೆ, ಇಷ್ಟು ಆಳ, ನಿಧಾನ ಒತ್ತು. ಮೊದಲ ಸಲ ಅತ್ತ ಕಡೆಯಿಂದ ಹೊರಗೆ ಬಂತು. ಮೂರನೆಯದು ಸರಿ ಅಂದ. ಅವನು ಹೊರಗೇ ನಿಂತ, ಅವಳಿಗೆ ಕಾಣದ ಹಾಗೆ. ನಾನು ಒಳಗೆ ಹೋದೆ. ಅವ್ವ ತೋಳು ಹಿಡಿದಳು. ನಾಲ್ಕನೆಯದು ಅವಳಿಗೆ.

ಅಳಲಿಲ್ಲ. ನನ್ನ ಮುಖ ನೋಡಿದಳು.

“ಅಣ್ಣಾ, ನೀನೂ ಏನ?”

ಅರ್ಧ ತಾಸಿಗೆ ನಿದ್ದೆ ಹತ್ತಿತು. ಆಮೇಲೆ ಈಶಪ್ಪ ಒಳಗೆ ಹೋಗಿ ಹತ್ತಿರ ಕೂತ. ಜೇಬು ಹೊರಗೆ ತೆಗೆದೇ ಇಟ್ಟಿದ್ದ, ಎದ್ದಾಗ ಕಾಣಲಿ ಎಂದು.

೧೩ ಅಕ್ಟೋಬರ್

೭ — ನೋವು. ಮಾಡಿದೆ.
೩ — ನೋವು. ಮಾಡಿದೆ.
ನನ್ನ ಕೈಯಿಂದ ನೀರು ಕುಡಿಯಲಿಲ್ಲ.

೧೪

೬, ೧, ೮. ಮಾಡಿದೆ.

೧೯ ಅಕ್ಟೋಬರ್, ಸೋಮವಾರ

ನನ್ನ ಹೆಜ್ಜೆ ಸಪ್ಪಳಕ್ಕೇ ಚೀರುತ್ತಾಳೆ. ಬರಿಗಾಲಲ್ಲಿ ಮೆಲ್ಲಗೆ ಹೋದರೂ ಗೊತ್ತಾಗುತ್ತದೆ. ಹಮಾಲಿಗೆ ಹೋಗುವುದು ಬಿಟ್ಟಿದ್ದೇನೆ.

ಇವತ್ತು ಈಶಪ್ಪನ ಅಂಗಿ ಹಿಡಿದು ಹೇಳಿದಳು, ಈ ಭಾಡ್ಯಾನ್ನ ಹೊರಗ ಹಾಕು ಅಂತ. ಅವನು ನನ್ನ ಕಡೆ ನೋಡಿದ. ಹಾಕು ಅಂತ ಕಣ್ಣಲ್ಲೇ ಹೇಳಿದೆ. ನನ್ನನ್ನು ಹೊರಗೆ ದಬ್ಬಿ ಬಾಗಿಲಿಗೆ ಅಗಳಿ ಹಾಕಿದ. ಒಳಗೆ ನಕ್ಕಳು. ಗಜಗ ಬೀಳುವ ಸಪ್ಪಳ. ನಾನು ಕಟ್ಟೆಯ ಮೇಲೆ ಕೂತು ಸಿರಿಂಜು ತೊಳೆದೆ.

ಹೊರಗೆ ಬಂದವನ ಮುಖ ಸರಿ ಇರಲಿಲ್ಲ. ಅವಳಿಗೆ ಖರೇ ಹೇಳಿಬಿಡುತ್ತೇನೆ ಅಂದ — ನಿಮ್ಮಣ್ಣ ಯಾಕೆ ಮಾಡುತ್ತಾನೆ, ಯಾರ ಬದಲು ಮಾಡುತ್ತಾನೆ ಅಂತ.

ಹೇಳಿದರೆ ನಿನ್ನ ಕಾಲು ಮುರಿಯುತ್ತೇನೆ ಅಂದೆ. ತಿಪ್ಪೆಯ ಹತ್ತಿರ ಹೋಗಿ ಅತ್ತ. ಅಳಲಿ. ನನಗೆ ಬರುತ್ತಿಲ್ಲ.

೨೪ ಅಕ್ಟೋಬರ್, ಶನಿವಾರ

ಪಕ್ಕದ ಮನೆ ಅಡಿವೆವ್ವಾಯಿಯಿಂದ ದಿನಕ್ಕೊಂದು ಹೊಸ ಬೈಗುಳ ಕಲಿಯುತ್ತಿದ್ದಾಳೆ. ಸೂಜಿ ಒಳಗೆ ಹೋಗುವಾಗ ಸರಿಯಾಗಿ ಹೇಳುತ್ತಾಳೆ. ನಿನ್ನ ಹೆಣಾ ಎತ್ತಲಿ. ನಿನ್ನ ಕೈ ಸೇದಿ ಹೋಗಲಿ. ಇವತ್ತಿನದು ಬರೆಯುವಂಥದ್ದಲ್ಲ. ಅವ್ವ ಬಾಯಿ ಮುಚ್ಚಲು ಹೋದಳು. ಬಿಡು ಅಂದೆ. ಈಶಪ್ಪನಿಗೆ ಹೇಳಿದೆ, ನಕ್ಕ. ನಾನೂ ನಕ್ಕೆ ಅನ್ನಿಸುತ್ತದೆ.

ನೋವಿನ ಗಂಟೆಗಳ ನಕಲು ಕೇಳಿದ, ಹುಬ್ಬಳ್ಳಿಗೆ ಕಳಿಸಲು. ಕೊಟ್ಟೆ. ಓದಿ ಮಡಚಿ ಇಟ್ಟುಕೊಂಡ. ಇನ್ನು ಎಷ್ಟು ದಿನ ಅಂತ ನಾನು ಕೇಳಲಿಲ್ಲ.

೧ ನವೆಂಬರ್, ರವಿವಾರ

೪, ೯, ೨, ೭.
ಹಾಲು ಎರಡು ಚಮಚ.
ಗಜಗ ಹಿಡಿಯಲು ಆಗಲಿಲ್ಲ. ಇಬ್ಬರ ಆಟವನ್ನೂ ಈಶಪ್ಪನೇ ಆಡಿದ. ಅವಳೇ ಗೆದ್ದಳು ಅಂದ. ಹೂಂ ಅಂದಳು.

೩ ನವೆಂಬರ್, ಮಂಗಳವಾರ

ಈಶಪ್ಪ ಜೇಬು ತೋರಿಸಿದ. ನೋಡಲಿಲ್ಲ.
ರಾತ್ರಿ ಇಲ್ಲೇ ಇರುತ್ತೇನೆ ಅಂದ. ಇದ್ದಾನೆ.

೪ ನವೆಂಬರ್, ಬೆಳಗ್ಗೆ ೬

ಹೋದೆ. ಹೆಜ್ಜೆ ಸಪ್ಪಳ ಮಾಡಿಕೊಂಡೇ ಹೋದೆ. ಚೀರಲಿಲ್ಲ. ಅವ್ವ ಹಿಡಿಯುವ ಮೊದಲೇ ತಾನಾಗಿ ತೋಳು ಮುಂದೆ ಮಾಡಿದಳು. ಚುಚ್ಚಿದೆ. ಔಷಧ ಪೂರ್ತಿ ಹೋಯಿತು. ಬೈಗುಳ ಬರಲಿಲ್ಲ.

ಬೈಯವ್ವಾ ಅಂದೆ. ಒಂದ ಸಲ ಬೈ ಅಂದೆ.

ತುಟಿ ಅಲ್ಲಾಡಿತು. ಬಗ್ಗಿ ಕಿವಿ ಹತ್ತಿರ ಒಯ್ದೆ. ಅಣ್ಣಾ ಅಂದಳು. ಆಮೇಲೆ ನೋವು ಇಲ್ಲ, ಉಸಿರೂ ಇಲ್ಲ.