ಹಾಲಿನಪುಡಿಗೆ ಒರಗಿದ ಗಿಲಕಿ

ಅತ್ತೆ,

ಈ ಕಾಗದ ನಿಮ್ಮ ಕೈ ಸೇರುವುದಿಲ್ಲ, ಗೊತ್ತು. ಆದರೂ ಇವತ್ತು ಅಂಗಡಿಯಲ್ಲಿ ನಡೆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಊರಿಗೆಲ್ಲ ರೋಗ ಹಬ್ಬಿದೆ. ಅಗತ್ಯ ವಸ್ತು ಮಾತ್ರ ಮಾರಬೇಕು, ಉಳಿದ ಗೂಡುಗಳಿಗೆ ಟೇಪ್ ಸುತ್ತಬೇಕು ಎಂದು ಹೊಸ ನಿಯಮ. ಬೆಳಿಗ್ಗೆ ಅಧಿಕಾರಿಯೊಬ್ಬರು ಟೇಪಿನ ಸುರುಳಿ ಹಿಡಿದು ಬಂದವರು, ನಿಮ್ಮ ಜೋಡಣೆ ನೋಡಿ ತಬ್ಬಿಬ್ಬಾದರು. ಹಾಲಿನಪುಡಿಯ ಡಬ್ಬಕ್ಕೆ ಒರಗಿಕೊಂಡು ಕೂಸಿನ ಗಿಲಕಿ, ಕೆಮ್ಮಿನ ಔಷಧಿಯ ಪಕ್ಕ ಉಣ್ಣೆಯ ಉಂಡೆ, ಚಹಾಪುಡಿಯ ಮಗ್ಗುಲಲ್ಲೇ ಇಸ್ಪೀಟು.

"ಏನಮ್ಮಾ ಇದು? ಗಿಲಕಿಗೆ ಟೇಪ್ ಹಾಕೋಕೆ ಹೋದ್ರೆ ಹಾಲಿಗೂ ಬೀಳುತ್ತಲ್ಲ!"

"ನಮ್ಮತ್ತೆ ಜೋಡಿಸಿದ್ದು ಸಾರ್. ಹಾಲು ಕುಡಿಯೋ ಮಗು ಆಡೋದು ಬೇಡ್ವಾ ಅನ್ನೋರು."

ಅವರು ಮಾಸ್ಕಿನೊಳಗೇ ನಕ್ಕರು. "ಗಟ್ಟಿ ಹೆಂಗಸು ಕಣಮ್ಮ. ಕರೀರಿ ಅವರನ್ನ, ಒಂದ್ಸಲ ಕೈ ಮುಗಿದು ಹೋಗ್ತೀನಿ."

ನಾನು ಗಲ್ಲಾಪೆಟ್ಟಿಗೆಯ ಹಿಂದಿನ ನಿಮ್ಮ ಖಾಲಿ ಕುರ್ಚಿ ತೋರಿಸಿದೆ. ಅವರು ಅದಕ್ಕೇ ಕೈ ಮುಗಿದರು.

ಆದರೆ ಬಂದ ಕೆಲಸ ಬಿಡಲಾದೀತೇ? ಹೋಗುವಾಗ ಬಾಗಿಲ ಬಳಿಯ ಒಂದೇ ಒಂದು ಗೂಡಿಗೆ ಟೇಪ್ ಸುತ್ತಿದರು. ಗೊಂಬೆಗಳೆಲ್ಲ ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಂತಿದ್ದ ಗೂಡು. ನೀವು ಹೋದ ಮೇಲೆ, ಅಂಗಡಿ ಇನ್ನಾದರೂ ಅಂಗಡಿಯ ಹಾಗೆ ಕಾಣಲಿ ಎಂದು ನಾನು ಓರಣ ಮಾಡಿದ್ದು ಅದೊಂದನ್ನೇ.

ಸಂಜೆ ಉಳಿದ ಗೂಡುಗಳ ಧೂಳು ಒರೆಸಿದೆ. ಗಿಲಕಿಯನ್ನು ಎತ್ತಿದ ಜಾಗದಲ್ಲೇ ಇಟ್ಟೆ.