ತಲೆಕೆಳಗಾದ ಹೂವಿನ ಚೀಲ

ದೊಡ್ಡಮ್ಮ,

ನಡುಮನೆ ಕಿಟಕಿಯ ನೀಲಿ ಹೂವಿನ ಪರದೆಯನ್ನು ಇಸ್ತ್ರಿ ಮಾಮ ಕಳೆದುಹಾಕಿದ್ದಲ್ಲ. ಶಾಲೆ ಬಿಟ್ಟ ವರ್ಷ ನಾನೇ ಅದನ್ನು ಕತ್ತರಿಸಿ ಚೀಲ ಹೊಲಿದುಕೊಂಡೆ. ನೀನು ಅವರನ್ನು ಬೈದು, ಬಟ್ಟೆ ಕೊಡುವುದನ್ನೇ ನಿಲ್ಲಿಸಿದಾಗಲೂ ನಾನು ಬಾಯಿ ಬಿಡಲಿಲ್ಲ.

ಇಲ್ಲಿ ನಾನು ಕೆಲಸಕ್ಕಿರುವ ಕಾರ್ಖಾನೆಯಲ್ಲಿ ಬಟ್ಟೆಗೆ ವಿನ್ಯಾಸ ಬರೆಯುವ ಮೇಡಂ ಒಂದು ದಿನ ಆ ಚೀಲ ನೋಡಿದರು. ಬಟ್ಟೆಯನ್ನು ಸುಮ್ಮನೆ ನಡುವೆ ಮಡಚಿ ಹೊಲಿದಿದ್ದೆನಲ್ಲ, ಒಂದು ಬದಿಯ ಹೂಗಳೆಲ್ಲ ತಲೆಕೆಳಗಾಗಿವೆ. “ಏನಪ್ಪಾ, ನಿಮ್ಮನೇಲಿ ಹೂವೂ ಲಾಗ ಹಾಕ್ತವಾ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕುಳಿತು, ಅರ್ಧ ಹೂ ಮೇಲಕ್ಕೆ, ಅರ್ಧ ಹೂ ಕೆಳಕ್ಕೆ ನೋಡುವ ಹೊಸ ವಿನ್ಯಾಸ ಬರೆದರು. ಇನ್ನು ಹೇಗೆ ಮಡಚಿದರೂ ತಪ್ಪಾಗುವುದಿಲ್ಲ. ಅಚ್ಚಾದ ಮೊದಲ ಬಟ್ಟೆಯನ್ನು ನನಗೇ ಕೊಟ್ಟರು. ಅದರಲ್ಲಿ ನಿನ್ನ ಕಿಟಕಿಗೆ ಪರದೆ ಹೊಲಿದಿದ್ದೇನೆ. ಮಗ್ಗಿ ಮರೆತಿದ್ದರೂ ಆ ಕಿಟಕಿಯ ಅಳತೆ ಮರೆತಿಲ್ಲ.

ಅದನ್ನು ಹೊಲಿಯುವಾಗ ಸೂಜಿ ಚುಚ್ಚಿದ ಬೆರಳು ವಾಸಿಯಾಗಿದೆ, ಚಿಂತೆ ಬೇಡ. ಮೊದಲು ಇಸ್ತ್ರಿ ಮಾಮನ ಮನೆಗೆ ಹೋಗಿ ನಿಜ ಹೇಳಿ, ಆಮೇಲೆ ನಿನ್ನ ಹತ್ತಿರ ಬರುತ್ತೇನೆ. ಬೈಗುಳವನ್ನು ಅಲ್ಲಿಯವರೆಗೆ ಎತ್ತಿಟ್ಟಿರು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಕಿಲಾಡಿ ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದಾನೆ.